ಪಾಚಿ ಮಾತ್ರೆ ಯಾರಿಗೆ, ಎಷ್ಟು, ಯಾವಾಗ? ವ್ಯಾಯಾಮ ಕಟ್ಟುವ ಕಾವಲಿನ ಲೆಕ್ಕ

ಬೆಂಗಳೂರಿನ ದೊಡ್ಡ ಔಷಧಿ ಅಂಗಡಿಗಳಲ್ಲಿ ಪ್ರೋಟೀನ್ ಡಬ್ಬಿಗಳ ಪಕ್ಕದಲ್ಲೇ ಈಗ ಪಾಚಿಯ ಡಬ್ಬಿಗಳಿಗೂ ಜಾಗ ಸಿಕ್ಕಿದೆ. ಕಡುಹಸಿರು ಸ್ಪಿರುಲಿನಾ ಮಾತ್ರೆ, ಕ್ಲೋರೆಲ್ಲಾ ಪುಡಿ, ಕೆಂಪು ಆಸ್ಟಾಕ್ಸಾಂಥಿನ್ ಕ್ಯಾಪ್ಸೂಲ್ ಎಲ್ಲವೂ ಇವೆ. ಕಬ್ಬನ್ ಪಾರ್ಕು, ಲಾಲ್‌ಬಾಗುಗಳಲ್ಲಿ ಬೆಳಗಿನ ಹೊತ್ತು ಓಡುವವರು, ಜಿಮ್ಮಿಗೆ ಹೋಗುವವರು, 10 ಕಿ.ಮೀ. ಓಟಕ್ಕೆ ತಯಾರಾಗುವವರು ಇವನ್ನು ಕೊಳ್ಳುತ್ತಾರೆ. ಡಬ್ಬಿಯ ಮೇಲಿನ ಭರವಸೆ ಹೆಚ್ಚುಕಡಿಮೆ ಒಂದೇ: ವ್ಯಾಯಾಮದಿಂದ ಹುಟ್ಟುವ, ಕೋಶಗಳಿಗೆ ಹಾನಿ ಮಾಡಬಲ್ಲ ಚುರುಕು ಅಣುಗಳಾದ ಫ್ರೀ ರ‍್ಯಾಡಿಕಲ್‌ಗಳನ್ನು ಪಾಚಿಯ ಆಂಟಿಆಕ್ಸಿಡೆಂಟ್‌ಗಳು ತಡೆಯುತ್ತವೆ, ಸ್ನಾಯು ಬೇಗ ಚೇತರಿಸಿಕೊಳ್ಳುತ್ತದೆ.

ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ವ್ಯಾಯಾಮದಲ್ಲಿ ಹುಟ್ಟುವ ರ‍್ಯಾಡಿಕಲ್‌ಗಳೆಲ್ಲ ಶತ್ರುಗಳು ಎಂಬ ಊಹೆಯ ಮೇಲೆ ಅದು ನಿಂತಿದೆ. ಕಳೆದ ಎರಡು ದಶಕಗಳ ಸಂಶೋಧನೆ ಆ ಊಹೆಯನ್ನೇ ಅಲುಗಾಡಿಸಿದೆ. ದೇಹದ ಆಂಟಿಆಕ್ಸಿಡೆಂಟ್ ವ್ಯವಸ್ಥೆಯನ್ನು ಬಲಪಡಿಸುವ ಸಾಧನಗಳಲ್ಲಿ ನಿಯಮಿತ ವ್ಯಾಯಾಮಕ್ಕೇ ಮೊದಲ ಸ್ಥಾನ. ಪಾಚಿ ಅದಕ್ಕೆ ನೆರವಾಗಬಹುದು, ಆದರೆ ಎಲ್ಲರಿಗೂ ಅಲ್ಲ, ಯಾವ ಪ್ರಮಾಣದಲ್ಲಾದರೂ ಅಲ್ಲ.

ಓಡಿದಾಗ ಸ್ನಾಯುವಿನೊಳಗೆ ಆಗುವುದೇನು

1978ರಲ್ಲಿ ಅಮೆರಿಕದ ಸಂಶೋಧಕರು ವ್ಯಾಯಾಮ ಮಾಡುವವರ ಉಸಿರಿನಲ್ಲಿ ಪೆಂಟೇನ್ ಅನಿಲ ಹೆಚ್ಚುವುದನ್ನು ಅಳೆದರು. ಜೀವಕೋಶದ ಕೊಬ್ಬು ಆಕ್ಸಿಡೀಕರಣಗೊಂಡಾಗ, ಅಂದರೆ ಆಮ್ಲಜನಕದ ದಾಳಿಯಿಂದ ಕೆಟ್ಟಾಗ, ಹುಟ್ಟುವ ಅನಿಲ ಅದು. 1982ರಲ್ಲಿ ಡೇವಿಸ್, ಪ್ಯಾಕರ್ ಮತ್ತವರ ಸಂಗಡಿಗರು ಇಲಿಗಳನ್ನು ಸುಸ್ತಾಗುವವರೆಗೆ ಓಡಿಸಿ, ಅವುಗಳ ಸ್ನಾಯು ಮತ್ತು ಯಕೃತ್ತಿನಲ್ಲಿ ಫ್ರೀ ರ‍್ಯಾಡಿಕಲ್‌ಗಳು ಏರಿದ್ದನ್ನು ನೇರವಾಗಿಯೇ ತೋರಿಸಿದರು. ಅಲ್ಲಿಂದ ಮುಂದೆ ಬಹಳ ಕಾಲ ಪಠ್ಯಪುಸ್ತಕಗಳು ಒಂದು ಮಾತನ್ನು ಹೇಳುತ್ತಾ ಬಂದವು: ಉಸಿರಾಡಿದ ಆಮ್ಲಜನಕದಲ್ಲಿ ಶೇ. 2ರಿಂದ 5ರಷ್ಟು ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಿಂದ ಸೋರಿ ರ‍್ಯಾಡಿಕಲ್ ಆಗುತ್ತದೆ, ಹೆಚ್ಚು ಉಸಿರಾಡಿದಷ್ಟೂ ಹೆಚ್ಚು ಹಾನಿ.

ಈ ಲೆಕ್ಕ ತಪ್ಪೆಂದು ಆಮೇಲೆ ಗೊತ್ತಾಯಿತು. ನಿಜವಾದ ಸೋರಿಕೆ ಅದಕ್ಕಿಂತ ಬಹಳ ಕಡಿಮೆ, ಶೇ. 1ರಷ್ಟೂ ಇಲ್ಲ. ಸ್ನಾಯು ಕುಗ್ಗುವಾಗ ಹುಟ್ಟುವ ರ‍್ಯಾಡಿಕಲ್‌ಗಳಲ್ಲಿ ದೊಡ್ಡ ಪಾಲು ಬರುವುದು ಕೋಶದ ಪೊರೆಯಲ್ಲಿರುವ ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವದಿಂದ, ರಕ್ತನಾಳಗಳ ಒಳಪದರದ ಜ್ಯಾಂಥಿನ್ ಆಕ್ಸಿಡೇಸ್‌ನಿಂದ. ಓಟದ ಮರುದಿನ ಕಾಣುವ ಏರಿಕೆಯ ಮೂಲ ಇನ್ನೊಂದು: ಹಾನಿಗೊಂಡ ಸ್ನಾಯುವನ್ನು ಶುಚಿಗೊಳಿಸಲು ಬರುವ ಬಿಳಿ ರಕ್ತಕಣಗಳು. ಹಾಗಾಗಿಯೇ ನಂದಿಬೆಟ್ಟದಂಥ ಇಳಿಜಾರಿನಲ್ಲಿ ಕೆಳಗಿಳಿಯುತ್ತಾ ಓಡಿದವರಲ್ಲಿ, ತೂಕವನ್ನು ನಿಧಾನವಾಗಿ ಇಳಿಸುವ ವ್ಯಾಯಾಮ ಮಾಡಿದವರಲ್ಲಿ ಆಕ್ಸಿಡೀಕರಣದ ಗುರುತುಗಳು ತಕ್ಷಣಕ್ಕಲ್ಲ, 24ರಿಂದ 72 ಗಂಟೆಗಳ ನಂತರ ತುದಿ ಮುಟ್ಟುತ್ತವೆ. ನೋವು ಹೆಚ್ಚಾಗುವುದೂ ಅದೇ ಹೊತ್ತಿಗೆ.

ದೇಹದ ಕಾವಲು ಹಲವು ಹಂತಗಳದ್ದು. 1969ರಲ್ಲಿ ಮೆಕ್‌ಕಾರ್ಡ್ ಮತ್ತು ಫ್ರಿಡೊವಿಚ್ ಗುರುತಿಸಿದ ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವ, ಆಮ್ಲಜನಕದಿಂದ ಹುಟ್ಟುವ ರ‍್ಯಾಡಿಕಲ್ ಆದ ಸೂಪರ್‌ಆಕ್ಸೈಡನ್ನು ಹೈಡ್ರೊಜನ್ ಪೆರಾಕ್ಸೈಡಾಗಿ ಬದಲಿಸುತ್ತದೆ. ಕೋಶದ್ರವದಲ್ಲಿರುವ ಈ ಕಿಣ್ವಕ್ಕೆ ತಾಮ್ರ ಮತ್ತು ಸತು ಬೇಕು, ಮೈಟೊಕಾಂಡ್ರಿಯದೊಳಗಿನದಕ್ಕೆ ಮ್ಯಾಂಗನೀಸ್. ಅಲ್ಲಿಂದ ಮುಂದಿನ ಕೆಲಸ ಕಬ್ಬಿಣವುಳ್ಳ ಕ್ಯಾಟಲೇಸ್ ಮತ್ತು ಸೆಲೆನಿಯಂ ಬೇಕಾಗುವ ಗ್ಲುಟಾಥಯೋನ್ ಪೆರಾಕ್ಸಿಡೇಸ್‌ಗಳದ್ದು. ಇವು ಪೆರಾಕ್ಸೈಡನ್ನು ನೀರು ಮಾಡುತ್ತವೆ. ಎರಡನೆಯದು ಬಳಸುವ ಕಚ್ಚಾಸಾಮಗ್ರಿಯೇ ಗ್ಲುಟಾಥಯೋನ್: ಗ್ಲುಟಮೇಟ್, ಸಿಸ್ಟೀನ್, ಗ್ಲೈಸಿನ್ ಎಂಬ ಮೂರು ಅಮೈನೊ ಆಮ್ಲಗಳಿಂದ ಕೋಶ ತಾನೇ ಕಟ್ಟಿಕೊಳ್ಳುವ ಪುಟ್ಟ ಅಣು. ಸಾಮಾನ್ಯವಾಗಿ ಕೊರತೆ ಬೀಳುವುದು ಸಿಸ್ಟೀನ್‌ಗೆ. ಹೊರಗಿನಿಂದ ಬರುವ ವಿಟಮಿನ್ ಸಿ, ಇ, ಸೊಪ್ಪು-ತರಕಾರಿಗಳ ಬಣ್ಣದ ವಸ್ತುಗಳಾದ ಕ್ಯಾರೊಟಿನಾಯ್ಡ್‌ಗಳು ಈ ವ್ಯವಸ್ಥೆಯ ಸಹಾಯಕರು, ಯಜಮಾನರಲ್ಲ.

ಇಡೀ ವಿಷಯದ ತಿರುಳು ಮುಂದಿದೆ. ಎನ್‌ಆರ್‌ಎಫ್2 ಎಂಬ ಪ್ರೋಟೀನನ್ನು ಸಾಮಾನ್ಯ ಸ್ಥಿತಿಯಲ್ಲಿ ಕೀಪ್1 ಎಂಬ ಇನ್ನೊಂದು ಪ್ರೋಟೀನ್ ಹಿಡಿದಿಟ್ಟು, ಹುಟ್ಟಿದ ಹಾಗೆಯೇ ನಾಶಕ್ಕೆ ಕಳಿಸುತ್ತಿರುತ್ತದೆ. ಕೋಶದಲ್ಲಿ ಪೆರಾಕ್ಸೈಡ್ ಏರಿದಾಗ ಕೀಪ್1ನ ಹಿಡಿತ ಸಡಿಲುತ್ತದೆ. ಬಿಡುಗಡೆಯಾದ ಎನ್‌ಆರ್‌ಎಫ್2 ಕೋಶಕೇಂದ್ರಕ್ಕೆ ಹೋಗಿ ಗ್ಲುಟಾಥಯೋನ್ ತಯಾರಿಸುವ, ಆಕ್ಸಿಡೀಕರಣ ತಡೆಯುವ ಹತ್ತಾರು ಜೀನ್‌ಗಳನ್ನು ಚುರುಕುಗೊಳಿಸುತ್ತದೆ. ಅಂದರೆ ವ್ಯಾಯಾಮದಲ್ಲಿ ಹುಟ್ಟುವ ರ‍್ಯಾಡಿಕಲ್‌ಗಳು ಕಾವಲನ್ನು ಹೆಚ್ಚಿಸಲು ಹೋಗುವ ಸಂದೇಶ. ವಾರಗಟ್ಟಲೆ ನಿಯಮಿತವಾಗಿ ಓಡಿದವರ ಸ್ನಾಯುವಿನಲ್ಲಿ ಈ ಕಿಣ್ವಗಳು ಹೆಚ್ಚುವುದಕ್ಕೆ ಕಾರಣ ಇದೇ. ಅದೇ ಓಟ, ಅದೇ ವೇಗ, ಆದರೆ ಹಾನಿ ಮೊದಲಿಗಿಂತ ಕಡಿಮೆ.

ಸಂದೇಶ ಹಾನಿಯಾಗಿ ಮಾರ್ಪಡುವುದು ಪ್ರಮಾಣ ಮೀರಿದಾಗ: ಅಭ್ಯಾಸವಿಲ್ಲದವರು ಒಮ್ಮೆಲೇ ಹಾಫ್ ಮ್ಯಾರಥಾನ್ ಓಡಿದಾಗ, ವಿಶ್ರಾಂತಿಯಿಲ್ಲದೆ ವಾರವಿಡೀ ಕಠಿಣ ತಾಲೀಮು ಮಾಡಿದಾಗ, ನಿದ್ದೆಗೆಟ್ಟು ಊಟ ಬಿಟ್ಟು ದಣಿದಾಗ.

ವಿಟಮಿನ್ ಮಾತ್ರೆಗಳು ಕಲಿಸಿದ ಪಾಠ

ಪಾಚಿಯ ವಿಷಯಕ್ಕೆ ಹೋಗುವ ಮೊದಲು ವಿಟಮಿನ್ ಸಿ ಮತ್ತು ಇ ಮಾತ್ರೆಗಳಿಂದ ಏನಾಯಿತೆಂದು ನೋಡಬೇಕು. ಏಕೆಂದರೆ ಪಾಚಿಯ ಪ್ರಚಾರದಲ್ಲೂ ಅದೇ ತರ್ಕವಿದೆ.

2009ರಲ್ಲಿ ಜರ್ಮನಿಯ ರಿಸ್ಟೊ ತಂಡ ಸುಮಾರು 40 ಯುವಕರಿಗೆ 4 ವಾರ ವ್ಯಾಯಾಮ ಮಾಡಿಸಿತು. ಅರ್ಧದಷ್ಟು ಜನರಿಗೆ ದಿನಕ್ಕೆ 1,000 ಮಿ.ಗ್ರಾಂ ವಿಟಮಿನ್ ಸಿ ಮತ್ತು 400 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ ಕೊಟ್ಟಿತು. ಮಾತ್ರೆ ತಿನ್ನದವರಲ್ಲಿ ಇನ್ಸುಲಿನ್ ಕೆಲಸ ಮಾಡುವ ಬಗೆ ಸುಧಾರಿಸಿತು, ದೇಹದ ಸ್ವಂತ ಆಂಟಿಆಕ್ಸಿಡೆಂಟ್ ಕಿಣ್ವಗಳ ಜೀನ್‌ಗಳು ಚುರುಕಾದವು. ಮಾತ್ರೆ ತಿಂದವರಲ್ಲಿ ಇವೆರಡೂ ಆಗಲಿಲ್ಲ. ಅದಕ್ಕೆ ಒಂದು ವರ್ಷ ಮೊದಲು ಸ್ಪೇನಿನ ಗೊಮೆಜ್-ಕಬ್ರೆರಾ ತಂಡ, ವಿಟಮಿನ್ ಸಿ ಪಡೆದ ಇಲಿಗಳಲ್ಲಿ ತರಬೇತಿಯಿಂದ ಬರಬೇಕಾದ ಓಟದ ತಾಳಿಕೆ ಬಹಳ ಕಡಿಮೆ ಬೆಳೆದುದನ್ನು ತೋರಿಸಿತ್ತು. 2014ರಲ್ಲಿ ನಾರ್ವೆಯ ಪಾಲ್ಸೆನ್ ತಂಡ ದಿನಕ್ಕೆ 1,000 ಮಿ.ಗ್ರಾಂ ಸಿ ಮತ್ತು 235 ಮಿ.ಗ್ರಾಂ ಇ ಕೊಟ್ಟು 11 ವಾರ ಸಹನಾಶಕ್ತಿಯ ತರಬೇತಿ ನಡೆಸಿತು. ಸ್ನಾಯುವಿನಲ್ಲಿ ಮೈಟೊಕಾಂಡ್ರಿಯ ಪ್ರೋಟೀನ್‌ಗಳ ಏರಿಕೆ ಮಾತ್ರೆಯಿಂದ ಮಂಕಾಯಿತು. ಆದರೆ ವಿಒ2 ಮ್ಯಾಕ್ಸ್, ಅಂದರೆ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ, ಎರಡೂ ಗುಂಪುಗಳಲ್ಲಿ ಒಂದೇ ರೀತಿ ಹೆಚ್ಚಿತು. ಅಂದರೆ ಅಡ್ಡಿ ಆಗುತ್ತದೆ, ಆದರೆ ಅದು ಯಾವಾಗಲೂ ಓಟದ ಸಮಯದಲ್ಲಿ ಕಾಣಿಸಿಕೊಳ್ಳಬೇಕೆಂದಿಲ್ಲ.

ಇವು ಮಾತ್ರೆಯ ಪ್ರಮಾಣಗಳು ಎಂಬುದನ್ನು ಮರೆಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ವಯಸ್ಕ ಗಂಡಸರಿಗೆ ಸೂಚಿಸುವ ವಿಟಮಿನ್ ಸಿ ದಿನಕ್ಕೆ 80 ಮಿ.ಗ್ರಾಂ. 100 ಗ್ರಾಂ ಸೀಬೆಹಣ್ಣಿನಲ್ಲಿ ಸುಮಾರು 200 ಮಿ.ಗ್ರಾಂ ಇದೆ. ಸೀಬೆ, ನೆಲ್ಲಿಕಾಯಿ ತಿನ್ನುವವರು ಈ ಪ್ರಯೋಗಗಳನ್ನು ಓದಿ ಹೆದರಬೇಕಾಗಿಲ್ಲ.

ಪಾಚಿಯಲ್ಲಿ ಇರುವುದು, ರಕ್ತಕ್ಕೆ ಸೇರುವುದು

ಸ್ಪಿರುಲಿನಾವನ್ನು ಪಾಚಿ ಎನ್ನುವುದು ರೂಢಿ. ಜೀವಶಾಸ್ತ್ರದ ಲೆಕ್ಕದಲ್ಲಿ ಅದು ಸಯನೊಬ್ಯಾಕ್ಟೀರಿಯಾ, ಅಂದರೆ ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಬ್ಯಾಕ್ಟೀರಿಯಾ, ಹೆಸರು ಆರ್ಥ್ರೊಸ್ಪೈರಾ ಪ್ಲಾಟೆನ್ಸಿಸ್. ಆಫ್ರಿಕಾದ ಚಾಡ್ ಸರೋವರದ ಸುತ್ತಲಿನ ಜನ ಅದನ್ನು ಒಣಗಿಸಿ ತಲೆಮಾರುಗಳಿಂದ ತಿನ್ನುತ್ತಾ ಬಂದಿದ್ದಾರೆ. ನಮ್ಮಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ದಶಕಗಳ ಹಿಂದೆಯೇ ಅದರ ಕೃಷಿ, ಒಣಗಿಸುವಿಕೆಗಳ ಬಗ್ಗೆ ಕೆಲಸ ಮಾಡಿತು. ಸ್ಪಿರುಲಿನಾ ಚಿಕ್ಕಿಯನ್ನೂ ರೂಪಿಸಿತು. ಒಣ ತೂಕದಲ್ಲಿ ಅದರ ಶೇ. 55ರಿಂದ 70 ಪ್ರೋಟೀನ್. ಆದರೆ 6 ಗ್ರಾಂ ಪುಡಿಯಿಂದ ಸಿಗುವ ಪ್ರೋಟೀನ್ ಹೆಚ್ಚೆಂದರೆ ನಾಲ್ಕು ಗ್ರಾಂ ಆಸುಪಾಸು. ಒಂದು ಮೊಟ್ಟೆಯಲ್ಲಿ ಅದಕ್ಕಿಂತ ಹೆಚ್ಚಿದೆ. ಪ್ರೋಟೀನ್‌ಗಾಗಿ ಸ್ಪಿರುಲಿನಾ ಕೊಳ್ಳುವುದು ದುಬಾರಿ ವ್ಯವಹಾರ.

ಅದರ ವಿಶೇಷ ಇರುವುದು ಫೈಕೊಸಯನಿನ್ ಎಂಬ ನೀಲಿ ವರ್ಣದ್ರವ್ಯದಲ್ಲಿ. ಪ್ರಯೋಗಾಲಯದ ಕೊಳವೆಯಲ್ಲಿ ಅದು ರ‍್ಯಾಡಿಕಲ್‌ಗಳನ್ನು ಚೆನ್ನಾಗಿ ಹಿಡಿಯುತ್ತದೆ, ಡಬ್ಬಿಯ ಮೇಲಿನ ಚಿತ್ರಗಳೆಲ್ಲ ಆ ಕೊಳವೆಯ ಫಲಿತಾಂಶದವು. ಆದರೆ ಫೈಕೊಸಯನಿನ್ ಒಂದು ಪ್ರೋಟೀನ್. ಹೊಟ್ಟೆ ಅದನ್ನು ಬೇಳೆಯ ಪ್ರೋಟೀನಿನಂತೆಯೇ ಜೀರ್ಣಿಸಿಬಿಡುತ್ತದೆ, ಇಡಿಯಾಗಿ ಸ್ನಾಯುವಿಗೆ ತಲುಪಿಸುವುದಿಲ್ಲ. ಉಳಿಯುವುದು ಅದಕ್ಕೆ ಅಂಟಿಕೊಂಡಿದ್ದ ಫೈಕೊಸಯನೊಬಿಲಿನ್ ಎಂಬ ಸಣ್ಣ ಅಣು. ಅದರ ರಚನೆ ನಮ್ಮ ದೇಹವೇ ತಯಾರಿಸುವ ಹಳದಿ ವಸ್ತುವಾದ ಬಿಲಿರುಬಿನ್‌ಗೆ ಬಹಳ ಹತ್ತಿರ. ಬಿಲಿರುಬಿನ್‌ನ ಹಾಗೆಯೇ ಇದೂ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವವನ್ನು ತಗ್ಗಿಸುತ್ತದೆಂದು ಕೋಶಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಹೀಗಾಗಿ ಸ್ಪಿರುಲಿನಾ ರ‍್ಯಾಡಿಕಲ್‌ಗಳನ್ನು ಒಂದೊಂದಾಗಿ ಹಿಡಿಯುತ್ತದೆ ಎನ್ನುವುದಕ್ಕಿಂತ, ಅವು ಹುಟ್ಟುವ ಜಾಗದಲ್ಲಿ ತುಸು ತಡೆ ಒಡ್ಡುತ್ತದೆ, ಜೊತೆಗೆ ಗ್ಲುಟಾಥಯೋನ್ ಕಟ್ಟಲು ನೆರವಾಗುತ್ತದೆ ಎನ್ನುವುದು ಹೆಚ್ಚು ಒಪ್ಪುವ ವಿವರಣೆ.

ಕ್ಲೋರೆಲ್ಲಾ ನಿಜವಾದ ಹಸಿರು ಪಾಚಿ. ಅದರ ಕೋಶಭಿತ್ತಿ ಗಟ್ಟಿ. ಒಡೆಯದ ಕ್ಲೋರೆಲ್ಲಾ ಸರಿಯಾಗಿ ಜೀರ್ಣವಾಗುವುದಿಲ್ಲ. ಡಬ್ಬಿಯ ಮೇಲೆ ಕೋಶಭಿತ್ತಿ ಒಡೆದದ್ದು ಎಂದು ಬರೆದಿರಬೇಕು. ಅದರಲ್ಲಿ ಲ್ಯೂಟಿನ್, ಕ್ಲೋರೊಫಿಲ್, ವಿಟಮಿನ್ ಕೆ ಹೆಚ್ಚು. ಕೆಂಪು ಕ್ಯಾರೊಟಿನಾಯ್ಡ್ ಆದ ಆಸ್ಟಾಕ್ಸಾಂಥಿನ್ ಬರುವುದು ಹೆಮಟೊಕಾಕಸ್ ಎಂಬ ಪಾಚಿಯಿಂದ. ಕೊಬ್ಬಿನಲ್ಲಿ ಕರಗುವುದರಿಂದ ಬರೀ ಹೊಟ್ಟೆಯಲ್ಲಿ ನುಂಗಿದರೆ ಹೀರಿಕೆ ಕಡಿಮೆ.

ಸಸ್ಯಾಹಾರಿಗಳಿಗೆ ಇಲ್ಲೊಂದು ಎಚ್ಚರಿಕೆ. ಸ್ಪಿರುಲಿನಾದಲ್ಲಿ ವಿಟಮಿನ್ ಬಿ12 ಇದೆ ಎಂದು ಹಲವು ಡಬ್ಬಿಗಳು ಹೇಳುತ್ತವೆ. ಅದರಲ್ಲಿ ಬಹುಪಾಲು ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ಹುಸಿ ಬಿ12. ಬಿ12 ಕೊರತೆಯಿರುವವರು ಅದನ್ನು ನಂಬಿ ವೈದ್ಯರು ಬರೆದ ಮಾತ್ರೆ ಬಿಟ್ಟರೆ ನರಗಳಿಗೆ ಹಾನಿಯಾಗುವ ಅಪಾಯವಿದೆ.

ಪ್ರಯೋಗಗಳಲ್ಲಿ ಕಂಡದ್ದು

2006ರಲ್ಲಿ ತೈವಾನಿನಲ್ಲಿ 16 ವಿದ್ಯಾರ್ಥಿಗಳು 3 ವಾರ ಸ್ಪಿರುಲಿನಾ ತೆಗೆದುಕೊಂಡಾಗ ರಕ್ತದಲ್ಲಿ ಕೊಬ್ಬಿನ ಆಕ್ಸಿಡೀಕರಣದ ಗುರುತಾದ ಎಂಡಿಎ ಇಳಿಯಿತು, ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಏರಿತು, ಸುಸ್ತಾಗುವವರೆಗಿನ ಓಟದ ಸಮಯ ಹೆಚ್ಚಿತು. 2010ರಲ್ಲಿ ಗ್ರೀಸಿನ ಕಲಫಾಟಿ ತಂಡದ ಪ್ರಯೋಗ ಇನ್ನೂ ಬಿಗಿಯಾದದ್ದು. ಸಾಧಾರಣ ಅಭ್ಯಾಸವಿದ್ದ 9 ಗಂಡಸರು, ದಿನಕ್ಕೆ 6 ಗ್ರಾಂ, 4 ವಾರ. ಅದೇ ಜನರೇ ಇನ್ನೊಂದು ಅವಧಿಯಲ್ಲಿ ಹುಸಿ ಮಾತ್ರೆ ತೆಗೆದುಕೊಂಡರು, ಯಾವುದು ಯಾವುದೆಂದು ಯಾರಿಗೂ ಹೇಳಿರಲಿಲ್ಲ. ಪರೀಕ್ಷೆಯಲ್ಲಿ 2 ಗಂಟೆ ಮಧ್ಯಮ ವೇಗದ ಓಟ, ಕೊನೆಯಲ್ಲಿ ಶಕ್ತಿಮೀರಿದ ಓಟ. ಸುಸ್ತಾಗಿ ನಿಲ್ಲುವ ಸಮಯ ಸರಾಸರಿ 2.05 ನಿಮಿಷದಿಂದ 2.70 ನಿಮಿಷಕ್ಕೆ ಹೋಯಿತು. ಗ್ಲುಟಾಥಯೋನ್ ಹೆಚ್ಚಿತ್ತು. ಓಟದ ನಂತರ ಸಾಮಾನ್ಯವಾಗಿ ಏರುವ ಆಕ್ಸಿಡೀಕರಣದ ಗುರುತು ಏರಲಿಲ್ಲ. ಕೊಬ್ಬು ಉರಿಯುವ ಪ್ರಮಾಣ ಶೇ. 10.9 ಹೆಚ್ಚಿತು.

ಈ ಕೊನೆಯ 39 ಸೆಕೆಂಡಿನ ವ್ಯತ್ಯಾಸವನ್ನೇ ಜಾಹೀರಾತುಗಳು ಶೇ. 30ರಷ್ಟು ಹೆಚ್ಚಿನ ತಾಳಿಕೆ ಎಂದು ಬರೆಯುತ್ತವೆ. ಶೇಕಡಾವಾರು ಸರಿ. ಆದರೆ ಅದು 2 ಗಂಟೆ ಓಡಿದ ಮೇಲಿನ ಕೊನೆಯ ಎರಡು ನಿಮಿಷಗಳ ಲೆಕ್ಕ, ಇಡೀ ಓಟದ್ದಲ್ಲ. 10 ಕಿ.ಮೀ. ಓಟದ ಸಮಯ ಇದರಿಂದ ಶೇ. 30 ಇಳಿಯುವುದಿಲ್ಲ.

2018ರಲ್ಲಿ ಪ್ರಕಟವಾದ ಮೆಕ್ಸಿಕೊದ ಪ್ರಯೋಗದಲ್ಲಿ ತೂಕ ಹೆಚ್ಚಿದ್ದ, ವ್ಯಾಯಾಮ ಮಾಡದ ಗಂಡಸರಿಗೆ 6 ವಾರ ದಿನಕ್ಕೆ 4.5 ಗ್ರಾಂ ಸ್ಪಿರುಲಿನಾ ಕೊಟ್ಟು, ಜೊತೆಗೆ ವ್ಯಾಯಾಮವನ್ನೂ ಮಾಡಿಸಿದರು. ಎರಡೂ ಸೇರಿದಾಗ ದೇಹದ ಕೊಬ್ಬು ಮತ್ತು ವಿಒ2 ಮ್ಯಾಕ್ಸ್‌ಗಳಲ್ಲಿ ಹೆಚ್ಚಿನ ಸುಧಾರಣೆ ಕಂಡಿತು. ಕ್ಲೋರೆಲ್ಲಾ ಬಗ್ಗೆ 2010ರ ಕೊರಿಯಾದ ಅಧ್ಯಯನ ಗಮನಿಸಬೇಕಾದದ್ದು: ಸಿಗರೇಟು ಸೇದುವ ಗಂಡಸರಿಗೆ 6 ವಾರ ದಿನಕ್ಕೆ 6.3 ಗ್ರಾಂ ಕೊಟ್ಟಾಗ ರಕ್ತದ ವಿಟಮಿನ್ ಸಿ, ಇ ಮತ್ತು ಕೆಂಪು ರಕ್ತಕಣಗಳ ಆಂಟಿಆಕ್ಸಿಡೆಂಟ್ ಕಿಣ್ವಗಳು ಏರಿದವು. ಸೇದುವವರಲ್ಲಿ ಇವು ಮೊದಲೇ ಕುಗ್ಗಿರುತ್ತವೆ.

ಇನ್ನೊಂದು ಬದಿಯಲ್ಲಿ, 2013ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಚೆನ್ನಾಗಿ ಪಳಗಿದ 32 ಸೈಕಲ್ ಸವಾರರು ಮತ್ತು ಈಜು, ಸೈಕಲ್, ಓಟ ಮೂರನ್ನೂ ಮಾಡುವ ಟ್ರಯಥ್ಲೀಟ್‌ಗಳ ಮೇಲೆ ಆಸ್ಟಾಕ್ಸಾಂಥಿನ್ ಪರೀಕ್ಷಿಸಿದರು. ದಿನಕ್ಕೆ 20 ಮಿ.ಗ್ರಾಂ, 4 ವಾರ. ರಕ್ತದಲ್ಲಿ ಆಸ್ಟಾಕ್ಸಾಂಥಿನ್ ಏರಿತು. ಆಂಟಿಆಕ್ಸಿಡೆಂಟ್ ಸಾಮರ್ಥ್ಯವೂ ಬದಲಾಗಲಿಲ್ಲ, ಸವಾರಿಯ ವೇಗವೂ ಬದಲಾಗಲಿಲ್ಲ.

ಈ ಫಲಿತಾಂಶಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಸಾಲು ಕಾಣುತ್ತದೆ. ಅಭ್ಯಾಸವಿಲ್ಲದವರು, ತೂಕ ಹೆಚ್ಚಿರುವವರು, ಸೇದುವವರು, ಸಾಧಾರಣ ಅಭ್ಯಾಸಿಗಳಲ್ಲಿ ಪಾಚಿಯ ಪರಿಣಾಮ ಕಾಣುತ್ತದೆ. ವರ್ಷಗಟ್ಟಲೆ ಪಳಗಿ, ಚೆನ್ನಾಗಿ ಉಣ್ಣುವವರಲ್ಲಿ ಅಷ್ಟಾಗಿ ಕಾಣುವುದಿಲ್ಲ. 2018ರಲ್ಲಿ ಪಸ್ಕಾಲಿಸ್ ತಂಡ ಪಾಚಿಯಲ್ಲದ, ಎನ್‌-ಅಸಿಟೈಲ್‌ಸಿಸ್ಟೀನ್ ಎಂಬ ಬೇರೆ ಪೂರಕದಲ್ಲಿ ಇದೇ ತತ್ವವನ್ನು ಸ್ಪಷ್ಟವಾಗಿ ತೋರಿಸಿತು: ಗ್ಲುಟಾಥಯೋನ್ ಕಡಿಮೆ ಇದ್ದವರ ಸಾಮರ್ಥ್ಯ ಮಾತ್ರ ಸುಧಾರಿಸಿತು, ಸಾಕಷ್ಟಿದ್ದವರಿಗೆ ಪ್ರಯೋಜನ ಸಿಗಲಿಲ್ಲ. ಪಾಚಿ ಪ್ರಯೋಗಗಳು ಹೆಚ್ಚಿನವು ಚಿಕ್ಕವು, ಹತ್ತಿಪ್ಪತ್ತು ಜನರವು, ಕೆಲವೇ ವಾರಗಳವು, ಬಹುಪಾಲು ಗಂಡಸರ ಮೇಲಿನವು. ಹೆಂಗಸರಿಗೆ ಅದೇ ಪ್ರಮಾಣವನ್ನು ಹಾಗೆಯೇ ಅನ್ವಯಿಸುವುದಕ್ಕೆ ಇವುಗಳಲ್ಲಿ ಆಧಾರವಿಲ್ಲ.

ಲ್ಯಾಬ್ ವರದಿಯ ಸಂಖ್ಯೆಗಳು

ನಗರದ ಕೆಲವು ಲ್ಯಾಬ್‌ಗಳು ಆಕ್ಸಿಡೇಟಿವ್ ಸ್ಟ್ರೆಸ್ ಪ್ಯಾಕೇಜ್ ಎಂದು ರಕ್ತಪರೀಕ್ಷೆ ಮಾಡುತ್ತವೆ. ವರದಿಯಲ್ಲಿ ಒಟ್ಟು ಆಂಟಿಆಕ್ಸಿಡೆಂಟ್ ಸಾಮರ್ಥ್ಯ ಎಂಬ ಒಂದು ಸಂಖ್ಯೆ ಇರುತ್ತದೆ. ಅದನ್ನು ಅಳೆಯುವ ಎಫ್‌ಆರ್‌ಎಪಿ ವಿಧಾನದಲ್ಲಿ ಆ ಸಂಖ್ಯೆಯ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಯೂರಿಕ್ ಆಮ್ಲದಿಂದ. ಜೋರಾಗಿ ಓಡಿದ ನಂತರ ಯೂರಿಕ್ ಆಮ್ಲ ಏರುತ್ತದೆ, ಸಂಖ್ಯೆಯೂ ಏರುತ್ತದೆ. ಯೂರಿಕ್ ಆಮ್ಲ ಹೆಚ್ಚಿ ಕೀಲು ನೋಯುವ ಗೌಟ್ ಕಾಯಿಲೆ ಇರುವವರ ವರದಿಯಲ್ಲೂ ಈ ಸಂಖ್ಯೆ ಹೆಚ್ಚೇ ಇರುತ್ತದೆ. ಅದನ್ನು ಮಾತ್ರೆಯ ಫಲ ಎಂದು ಓದಿದರೆ ತಪ್ಪು ಓದು.

ಎಂಡಿಎಯನ್ನು ಅಳೆಯುವ ಅಗ್ಗದ ಟಿಬಿಎಆರ್‌ಎಸ್ ವಿಧಾನ ಬಣ್ಣ ನೋಡಿ ಅಳೆಯುತ್ತದೆ, ರಕ್ತದ ಬೇರೆ ವಸ್ತುಗಳಿಗೂ ಅದೇ ಬಣ್ಣ ಬರುತ್ತದೆ. ಕೊಬ್ಬಿನ ಆಕ್ಸಿಡೀಕರಣವನ್ನು ನಂಬಿಕೆಯಿಂದ ಅಳೆಯುವ ಗುರುತು ಎಫ್2-ಐಸೊಪ್ರೊಸ್ಟೇನ್, ಅದಕ್ಕೆ ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೊಮೀಟರ್ ಯಂತ್ರ ಬೇಕು. ಗ್ಲುಟಾಥಯೋನ್ ಇನ್ನೂ ಸೂಕ್ಷ್ಮ: ರಕ್ತ ತೆಗೆದು ಮೇಜಿನ ಮೇಲಿಟ್ಟಷ್ಟು ಹೊತ್ತೂ ಅದು ಆಕ್ಸಿಡೀಕರಣಗೊಳ್ಳುತ್ತಲೇ ಇರುತ್ತದೆ. ತಕ್ಷಣ ಸಂಸ್ಕರಿಸದ, ಟ್ರಾಫಿಕ್‌ನಲ್ಲಿ ಎರಡು ಗಂಟೆ ಬೈಕ್ ಮೇಲೆ ಸಾಗಿದ ಮಾದರಿಯ ಫಲಿತಾಂಶ ನಂಬುವಂಥದ್ದಲ್ಲ. ಪರೀಕ್ಷೆ ಮಾಡಿಸಲೇಬೇಕೆಂದರೆ ಓಟ ಮುಗಿದು 72 ಗಂಟೆ ಕಳೆದ ಮೇಲೆ, ಒಂದೇ ಲ್ಯಾಬ್‌ನಲ್ಲಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕು. ಹೆಚ್ಚಿನವರಿಗೆ ಆ ಹಣದಲ್ಲಿ ಹಿಮೊಗ್ಲೋಬಿನ್, ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್, ಬಿ12, ವಿಟಮಿನ್ ಡಿ ನೋಡಿಸುವುದು ಬಹಳ ಉಪಯುಕ್ತ. ಪ್ರಯೋಗಾಲಯದ ಕೊಳವೆಯಲ್ಲಿ ಆಹಾರದ ಆಂಟಿಆಕ್ಸಿಡೆಂಟ್ ಶಕ್ತಿಯನ್ನು ಅಳೆದು ಹೇಳುವ ಓಆರ್‌ಎಸಿ ಸಂಖ್ಯೆಗಳನ್ನು ಅಮೆರಿಕದ ಕೃಷಿ ಇಲಾಖೆ 2012ರಲ್ಲಿ ತನ್ನ ಜಾಲತಾಣದಿಂದಲೇ ತೆಗೆದುಹಾಕಿತು. ದೇಹದೊಳಗಿನ ಪರಿಣಾಮಕ್ಕೂ ಆ ಸಂಖ್ಯೆಗೂ ಸಂಬಂಧವಿಲ್ಲ ಎಂಬುದೇ ಕಾರಣ. ಅಂಥ ಸಂಖ್ಯೆ ಮುದ್ರಿಸಿದ ಡಬ್ಬಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ.

ನಮ್ಮೂರಿನಲ್ಲಿ ಯಾರಿಗೆ ಪ್ರಯೋಜನ

ವಿಶ್ರಾಂತಿಯಲ್ಲಿರುವಾಗ ನಾವು ನಿಮಿಷಕ್ಕೆ 6ರಿಂದ 8 ಲೀಟರ್ ಗಾಳಿ ಉಸಿರಾಡುತ್ತೇವೆ. ಜೋರು ಓಟದಲ್ಲಿ ಅದು 80 ಲೀಟರ್ ದಾಟುತ್ತದೆ. ಹೊರವರ್ತುಲ ರಸ್ತೆಯ ಪಕ್ಕ, ಸಿಲ್ಕ್‌ಬೋರ್ಡ್ ಸುತ್ತಮುತ್ತ ಸಂಜೆ ಓಡುವವರು ಡೀಸೆಲ್ ಹೊಗೆಯ ಕಣಗಳನ್ನೂ ಅಷ್ಟೇ ಪಟ್ಟು ಎಳೆದುಕೊಳ್ಳುತ್ತಾರೆ. ಆ ಆಕ್ಸಿಡೀಕರಣದ ಹೊರೆಗೆ ಮೊದಲ ಪರಿಹಾರ ಮಾತ್ರೆಯಲ್ಲ, ಜಾಗ ಮತ್ತು ಹೊತ್ತು ಬದಲಿಸುವುದು. ಉದ್ಯಾನದ ಒಳದಾರಿ, ವಾಹನಗಳು ರಸ್ತೆಗಿಳಿಯುವ ಮುಂಚಿನ ಬೆಳಗು.

ಎರಡನೆಯದು ತಟ್ಟೆ. ಸಿಸ್ಟೀನ್‌ಗೆ ಮೊಟ್ಟೆ, ಬೇಳೆ, ಹಾಲು; ಸತು, ತಾಮ್ರ, ಮ್ಯಾಂಗನೀಸ್‌ಗೆ ರಾಗಿ, ಕಡಲೆಕಾಯಿ, ಎಳ್ಳು, ಹುರುಳಿ; ಕ್ಯಾರೊಟಿನಾಯ್ಡ್‌ಗೆ ದಂಟು, ಹರಿವೆ, ನುಗ್ಗೆಸೊಪ್ಪು. ಮುದ್ದೆ, ಸೊಪ್ಪಿನ ಬಸ್ಸಾರು, ಮೊಳಕೆ ಹುರುಳಿಕಾಳು, ಒಂದು ಸೀಬೆಹಣ್ಣು ಇರುವ ದಿನದ ಊಟ ಕಾವಲಿನ ಕಚ್ಚಾಸಾಮಗ್ರಿಯಲ್ಲಿ ಬಹುಪಾಲನ್ನು ಒದಗಿಸುತ್ತದೆ. ಬೆಳಿಗ್ಗೆ ಕಾಫಿ-ಬಿಸ್ಕತ್ತು, ಮಧ್ಯಾಹ್ನ ಬಿಳಿ ಅನ್ನ, ರಾತ್ರಿ ಆನ್‌ಲೈನ್‌ನಲ್ಲಿ ತರಿಸಿದ ಊಟ ಎಂಬ ಕ್ರಮದಲ್ಲಿರುವವರ ದೇಹದಲ್ಲಿ ಪಾಚಿ ತುಂಬಬಹುದಾದ ಕೊರತೆ ಇರಬಹುದು. ವಾರಕ್ಕೆ ಮೂರು ದಿನ ವ್ಯಾಯಾಮ ಶುರು ಮಾಡಿದ, ತೂಕ ಹೆಚ್ಚಿರುವ ನಡುವಯಸ್ಸಿನವರಿಗೆ ಮೆಕ್ಸಿಕೊದ ಪ್ರಯೋಗ ಹೆಚ್ಚು ಹೊಂದುತ್ತದೆ.

ಕೊಳ್ಳುವಾಗ, ತೆಗೆದುಕೊಳ್ಳುವಾಗ

ಸಾಮಾನ್ಯವಾಗಿ ಎಡವುವುದು ಪ್ರಮಾಣದಲ್ಲಿ. ಮೆಕ್ಸಿಕೊ, ಗ್ರೀಸ್ ಪ್ರಯೋಗಗಳಲ್ಲಿ ಕೊಟ್ಟ ಸ್ಪಿರುಲಿನಾ ದಿನಕ್ಕೆ 4.5ರಿಂದ 6 ಗ್ರಾಂ. ಅಂಗಡಿಯ ಮಾತ್ರೆ ಸಾಮಾನ್ಯವಾಗಿ 500 ಮಿ.ಗ್ರಾಂ. ಅಂದರೆ 6 ಗ್ರಾಂಗೆ 12 ಮಾತ್ರೆ. ಡಬ್ಬಿ ಹೇಳುವ ಪ್ರಕಾರ ದಿನಕ್ಕೆ ಎರಡು ನುಂಗಿದರೆ ಸಿಗುವುದು 1 ಗ್ರಾಂ. ಆ ಪ್ರಮಾಣದಲ್ಲಿ ಪ್ರಯೋಗದ ಫಲಿತಾಂಶ ನಿರೀಕ್ಷಿಸುವಂತಿಲ್ಲ. ಪುಡಿ ಕೊಂಡರೆ ಖರ್ಚು ಇಳಿಯುತ್ತದೆ. ಚಮಚದ ಅಳತೆ ನಂಬದೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿಕೊಳ್ಳುವುದು ಒಳ್ಳೆಯದು.

ಮೊದಲ ದಿನವೇ 6 ಗ್ರಾಂ ತೆಗೆದುಕೊಂಡರೆ ಹೊಟ್ಟೆ ಉಬ್ಬರ, ಭೇದಿ ಆಗುವುದುಂಟು. ಮೊದಲ ವಾರ 1 ಗ್ರಾಂ, ಎರಡನೆಯ ವಾರ 3 ಗ್ರಾಂ, ಆಮೇಲೆ ಬೇಕೆಂದರೆ 5-6 ಗ್ರಾಂ, ಅದನ್ನೂ ಎರಡು ಹೊತ್ತಿಗೆ ಹಂಚಿ. ಮಲ ಹಸಿರಾಗುವುದು ಸಹಜ. ಪರಿಣಾಮ ನೋಡಲು ಕನಿಷ್ಠ 3-4 ವಾರ ಬೇಕು. ಓಟದ ಹಿಂದಿನ ರಾತ್ರಿ ನುಂಗಿದ ಮಾತ್ರೆಯಿಂದ ಉಪಯೋಗವಿಲ್ಲ.

ಬಿಸಿ ಸಾರಿಗೆ, ಕುದಿಯುವ ಅಂಬಲಿಗೆ ಪುಡಿ ಬೆರೆಸಬಾರದು. 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಫೈಕೊಸಯನಿನ್ ಬೇಗ ಕೆಡುತ್ತದೆ. ತಣ್ಣಗಿನ ಮಜ್ಜಿಗೆ, ಬಾಳೆಹಣ್ಣಿನ ರಸ ಸರಿ. ಅದರಲ್ಲಿರುವ ಕಬ್ಬಿಣವೂ ಬೇಕೆಂದಿದ್ದರೆ ಫಿಲ್ಟರ್ ಕಾಫಿಗೂ ಅದಕ್ಕೂ ನಡುವೆ ಒಂದು ಗಂಟೆ ಅಂತರ ಇರಲಿ. 6 ಗ್ರಾಂನಲ್ಲಿ ಕಬ್ಬಿಣ ಸಿಗುವುದು ಹೆಚ್ಚುಕಡಿಮೆ 2 ಮಿ.ಗ್ರಾಂ ಅಷ್ಟೇ, ರಕ್ತಹೀನತೆಯ ಚಿಕಿತ್ಸೆಗೆ ಅದು ಸಾಲದು.

ಗುಣಮಟ್ಟಕ್ಕೆ ಮನೆಯಲ್ಲೇ ಒಂದು ಪರೀಕ್ಷೆ ಇದೆ. ಗಾಜಿನ ಲೋಟದ ನೀರಿಗೆ ಅರ್ಧ ಚಮಚ ಪುಡಿ ಹಾಕಿ ಕಲಸಿ, ಫ್ರಿಜ್ಜಿನಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಮೇಲಿನ ನೀರು ತಿಳಿನೀಲಿಯಾಗಿರಬೇಕು, ಬೆಳಕಿಗೆ ಹಿಡಿದರೆ ಕೆಂಪು ಹೊಳಪು ಕಾಣಬೇಕು. ನೀರು ಬರೀ ಹಳದಿ-ಹಸಿರಾಗಿದ್ದರೆ ಪುಡಿಯನ್ನು ಅತಿ ಬಿಸಿಯಲ್ಲಿ ಒಣಗಿಸಿದ್ದಾರೆ ಅಥವಾ ಅದು ಹಳತಾಗಿದೆ. ಬೆಳಕು, ತೇವ ತಾಗದ ಡಬ್ಬಿಯಲ್ಲಿಟ್ಟು, ತೆರೆದ ಮೇಲೆ ಎರಡು-ಮೂರು ತಿಂಗಳಲ್ಲಿ ಮುಗಿಸುವುದು ಲೇಸು. ಈ ಪರೀಕ್ಷೆ ವರ್ಣದ್ರವ್ಯದ ಬಗ್ಗೆ ಮಾತ್ರ ಹೇಳುತ್ತದೆ. ಸೀಸ, ಆರ್ಸೆನಿಕ್, ಪಾಚಿವಿಷ ಇವೆಯೇ ಎಂದು ಹೇಳುವುದಿಲ್ಲ. ಅದಕ್ಕೆ ಬ್ಯಾಚ್ ಸಂಖ್ಯೆ ನಮೂದಿಸಿದ ಲ್ಯಾಬ್ ಪ್ರಮಾಣಪತ್ರವನ್ನು ಕಂಪನಿಯಿಂದ ಕೇಳಬೇಕು. ಕೊಡಲೊಪ್ಪದ ಕಂಪನಿಯ ಪುಡಿ ಬೇಡ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ, ಔಷಧವಾಗಿ ಬಳಸಲು ಅಲ್ಲ ಎಂಬ ಸೂಚನೆ ಎರಡೂ ಡಬ್ಬಿಯ ಮೇಲಿರಬೇಕು.

ಯಾವಾಗ ಎಂಬ ಪ್ರಶ್ನೆಗೆ ವಿಟಮಿನ್ ಪ್ರಯೋಗಗಳ ಪಾಠವೇ ದಾರಿ. ಹೊಸದಾಗಿ ಸಾಮರ್ಥ್ಯ ಕಟ್ಟುವ ತಿಂಗಳುಗಳಲ್ಲಿ ದೊಡ್ಡ ಪ್ರಮಾಣದ ಸಿ, ಇ ಮಾತ್ರೆಗಳನ್ನು ಪಾಚಿಯ ಜೊತೆಗೆ ಸೇರಿಸಬಾರದು. ರ‍್ಯಾಡಿಕಲ್‌ಗಳ ಸಂದೇಶ ಆಗ ದೇಹಕ್ಕೆ ಬೇಕು. ಆ ಅವಧಿಯಲ್ಲಿ ಊಟ ಸಾಕು, ಪಾಚಿ ಬೇಕೆಂದರೆ ಕಡಿಮೆ ಪ್ರಮಾಣ. ಸ್ಪರ್ಧೆಗಳು ಒತ್ತೊತ್ತಾಗಿ ಬಂದು ಬೇಗ ಚೇತರಿಸಿಕೊಳ್ಳಬೇಕಾದ ವಾರಗಳಲ್ಲಿ, ಕಲಿಕೆಗಿಂತ ಹಾನಿ ತಗ್ಗಿಸುವುದು ಮುಖ್ಯವಾದಾಗ, ಪೂರ್ಣ ಪ್ರಮಾಣಕ್ಕೆ ಅರ್ಥವಿದೆ.

ತಾರಸಿಯ ತೊಟ್ಟಿ, ಕೆರೆಯ ಪಾಚಿ

ತಾರಸಿಯ ಮೇಲೆ ಸ್ಪಿರುಲಿನಾ ಬೆಳೆಯುವ ಹವ್ಯಾಸವೂ ಈಗ ಹಬ್ಬುತ್ತಿದೆ. ಅದು ಬೆಳೆಯುವುದು ಲೀಟರಿಗೆ 16.8 ಗ್ರಾಂ ಅಡುಗೆ ಸೋಡಾ ಇರುವ, ಪಿಎಚ್ (ಕ್ಷಾರದ ಅಳತೆ) 9.5ಕ್ಕಿಂತ ಹೆಚ್ಚಿನ ಕ್ಷಾರ ದ್ರಾವಣದಲ್ಲಿ, 30ರಿಂದ 35 ಡಿಗ್ರಿ ಶಾಖದಲ್ಲಿ. ಈ ಕ್ಷಾರವೇ ಅದರ ರಕ್ಷಣೆ, ಬೇರೆ ಜೀವಿಗಳು ಅಲ್ಲಿ ಬದುಕುವುದು ಕಷ್ಟ. ಬೆಂಗಳೂರಿನಲ್ಲಿ ಎರಡು ಕಡೆ ಕೆಡುತ್ತದೆ. ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಶಾಖ 16 ಡಿಗ್ರಿ ಆಸುಪಾಸಿಗೆ ಇಳಿದಾಗ ಬೆಳವಣಿಗೆ ನಿಲ್ಲುತ್ತದೆ. ಮುಂಗಾರಿನಲ್ಲಿ ಮುಚ್ಚದ ತೊಟ್ಟಿಗೆ ಮಳೆನೀರು ಬಿದ್ದು ಪಿಎಚ್ 9ಕ್ಕಿಂತ ಕೆಳಗಿಳಿದಾಗ ಬೇರೆ ಪಾಚಿಗಳು ನುಗ್ಗುತ್ತವೆ. ಆ ನುಗ್ಗುವವುಗಳಲ್ಲಿ ಮೈಕ್ರೊಸಿಸ್ಟಿಸ್ ಇದ್ದರೆ ಅದು ಸೂಸುವ ಮೈಕ್ರೊಸಿಸ್ಟಿನ್ ಯಕೃತ್ತಿಗೆ ವಿಷ. ಕುದಿಸಿದರೂ ಅದು ನಾಶವಾಗುವುದಿಲ್ಲ. ವಾರಕ್ಕೊಮ್ಮೆ ಪಿಎಚ್ ಅಳೆದು, ಸೂಕ್ಷ್ಮದರ್ಶಕದಲ್ಲಿ ಸುರುಳಿಗಳು ಮಾತ್ರ ಇವೆಯೇ, ದುಂಡು ಕಣಗಳ ಗುಂಪು ಸೇರಿಕೊಂಡಿದೆಯೇ ಎಂದು ನೋಡಲಾಗದವರು ಮನೆಯಲ್ಲಿ ಬೆಳೆದು ತಿನ್ನುವುದನ್ನು ಬಿಡಬೇಕು. ನಗರದ ಕೆರೆಗಳ ಮೇಲೆ ಬೇಸಿಗೆಯಲ್ಲಿ ಹರಡುವ ಹಸಿರು ಪದರವನ್ನು ಸ್ಪಿರುಲಿನಾ ಎಂದು ತಿಳಿದು ಮುಟ್ಟಲೂಬಾರದು.

ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಕೆರೆಯಿಂದ ನೇರವಾಗಿ ಸಂಗ್ರಹಿಸಿ ಮಾರುವ ನೀಲಿಹಸಿರು ಪಾಚಿಯಲ್ಲಿ ಈ ವಿಷ ಬೆರೆತದ್ದು ಪತ್ತೆಯಾಗಿ, 1990ರ ದಶಕದ ಕೊನೆಯಲ್ಲೇ ಗ್ರಾಂಗೆ 1 ಮೈಕ್ರೊಗ್ರಾಂ ಮಿತಿ ಹಾಕಲಾಯಿತು.

ಯಾರು ದೂರವಿರಬೇಕು

ಫಿನೈಲ್‌ಕೀಟೊನೂರಿಯಾ ಎಂಬ ಹುಟ್ಟುಕಾಯಿಲೆ ಇರುವವರಿಗೆ, ಅವರ ದೇಹ ಒಡೆಯಲಾರದ ಸ್ಪಿರುಲಿನಾದ ಫಿನೈಲ್‌ಅಲನಿನ್ ಅಪಾಯ. ಲೂಪಸ್, ಡರ್ಮಟೊಮಯೊಸೈಟಿಸ್‌ನಂಥ ಸ್ವಯಂನಿರೋಧಕ (ದೇಹದ ರಕ್ಷಣೆಯೇ ದೇಹದ ಮೇಲೆ ತಿರುಗಿಬೀಳುವ) ಕಾಯಿಲೆ ಇರುವವರಲ್ಲಿ ಪಾಚಿ ಪೂರಕದ ನಂತರ ಕಾಯಿಲೆ ಕೆರಳಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಕ್ಲೋರೆಲ್ಲಾ ಶುರು ಮಾಡಿದರೆ ಅದರ ವಿಟಮಿನ್ ಕೆ ಔಷಧದ ಪರಿಣಾಮವನ್ನು ಕುಗ್ಗಿಸುತ್ತದೆ, ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಸ್ಪಿರುಲಿನಾದ ಒಣ ತೂಕದಲ್ಲಿ ಶೇ. 4ರಿಂದ 6 ನ್ಯೂಕ್ಲಿಕ್ ಆಮ್ಲ ಇರುತ್ತದೆ, ಅದು ಕೊನೆಗೆ ಯೂರಿಕ್ ಆಮ್ಲ ಆಗುತ್ತದೆ. ಆರೋಗ್ಯವಂತರಿಗೆ 6 ಗ್ರಾಂನಿಂದ ತೊಂದರೆಯಿಲ್ಲ, ಗೌಟ್ ಇರುವವರು ವೈದ್ಯರನ್ನು ಕೇಳಬೇಕು. ಕ್ಲೋರೆಲ್ಲಾ ಸರಿಯಾಗಿ ಸಂಸ್ಕರಿಸದಿದ್ದರೆ ಅದರ ಕ್ಲೋರೊಫಿಲ್ ಒಡೆದು ಬಿಸಿಲಿಗೆ ಚರ್ಮ ಉರಿಯುವಂತೆ ಮಾಡುವ ವಸ್ತು ಹುಟ್ಟುತ್ತದೆ. 1977ರಲ್ಲಿ ಜಪಾನಿನಲ್ಲಿ ಹೀಗಾಗಿತ್ತು. ಸೇದುವವರು ಬೀಟಾ ಕ್ಯಾರೊಟಿನ್ ಸಾಂದ್ರೀಕರಿಸಿದ ಡುನಾಲಿಯೆಲ್ಲಾ ಪಾಚಿಯ ಕ್ಯಾಪ್ಸೂಲ್‌ನಿಂದ ದೂರವಿರಬೇಕು: 1994ರ ಫಿನ್‌ಲೆಂಡ್ ಅಧ್ಯಯನದಲ್ಲಿ ದಿನಕ್ಕೆ 20 ಮಿ.ಗ್ರಾಂ ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದ ಸೇದುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18 ಹೆಚ್ಚಿತ್ತು.

ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಸ್ಪರ್ಧಿಸುವವರಿಗೆ ಇನ್ನೊಂದು ಹೊಣೆ ಇದೆ. ಪಾಚಿ ನಿಷೇಧಿತ ವಸ್ತುವಲ್ಲ. ಆದರೆ ಪೂರಕ ತಯಾರಿಸುವ ಯಂತ್ರದಲ್ಲಿ ಹಿಂದಿನ ಬ್ಯಾಚಿನಿಂದ ಬೇರೆ ವಸ್ತು ಬೆರೆತಿದ್ದರೂ, ರಾಷ್ಟ್ರೀಯ ಉದ್ದೀಪನ ನಿಗ್ರಹ ಸಂಸ್ಥೆಯ ಪರೀಕ್ಷೆಯಲ್ಲಿ ಸಿಕ್ಕಿದ್ದಕ್ಕೆ ಹೊಣೆ ಕ್ರೀಡಾಪಟುವಿನದೇ. ಬ್ಯಾಚ್‌ವಾರು ಪರೀಕ್ಷೆಯಾದ ಡಬ್ಬಿಯನ್ನೇ ಕೊಂಡು, ಬಿಲ್ಲನ್ನೂ ಬ್ಯಾಚ್ ಸಂಖ್ಯೆಯ ಚಿತ್ರವನ್ನೂ ಇಟ್ಟುಕೊಂಡು, ಮುಚ್ಚಿದ ಒಂದು ಡಬ್ಬಿಯನ್ನು ಋತು ಮುಗಿಯುವವರೆಗೆ ತೆರೆಯದೆ ತೆಗೆದಿರಿಸಬೇಕು.